ಭದ್ರತಾ ತಂತ್ರಾಂಶದಿಂದ ಉಂಟಾಗುವ ಗಣಕಯಂತ್ರ ದೋಷಗಳು: ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸೇವಾ ಕೇಂದ್ರಗಳ ದೃಷ್ಟಿಯಿಂದ ಒಂದು ವಿಶ್ಲೇಷಣೆ

1. ಪೀಠಿಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಕಲ್ಪತರು ನಾಡು ಎಂದೇ ಹೆಸರಾಗಿವೆ. ಈ ಭಾಗದ ಬಹುಪಾಲು ಕುಟುಂಬಗಳ ಜೀವನಾಧಾರ ತೆಂಗು ಮತ್ತು ಉಂಡೆ ಕೊಬ್ಬರಿ. ತೋಟದಿಂದ ಇಳಿಸಿದ ಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಲು ಬಿಟ್ಟು, ಅನಂತರ ಸುಲಿದು, ಚಿಪ್ಪು ಒಡೆದು ತೆಗೆಯುವ ಉಂಡೆ ಕೊಬ್ಬರಿಯು ಸುಮಾರು ಒಂದು ವರ್ಷದ ಕಾಯುವಿಕೆಯ ಫಲವಾಗಿರುತ್ತದೆ. ಆದರೆ ಆ ಫಲವು ಹಣವಾಗಿ ರೈತನ ಕೈ ಸೇರುವ ಮಾರ್ಗವು ಇಂದು ಹಲವು ಗಣಕಯಂತ್ರಗಳ ಮೂಲಕ ಹಾದುಹೋಗುತ್ತದೆ. ಪಹಣಿ, ಬೆಳೆ ವಿವರ, ಫ್ರೂಟ್ಸ್ ಗುರುತಿನ ಸಂಖ್ಯೆ, ಬೆಂಬಲ ಬೆಲೆ ಖರೀದಿಯ ನೋಂದಣಿ, ಕೃಷಿ ಉತ್ಪನ್ನ ಮಾರುಕಟ್ಟೆಯ ವಿದ್ಯುನ್ಮಾನ ಟೆಂಡರ್, ಬ್ಯಾಂಕ್ ಖಾತೆಗೆ ಹಣ ಜಮೆ – ಇವೆಲ್ಲವೂ ಗಣಕೀಕೃತಗೊಂಡಿವೆ.

ಈ ಗಣಕಯಂತ್ರಗಳನ್ನು ವೈರಸ್ ಮತ್ತು ಸೈಬರ್ ದಾಳಿಗಳಿಂದ ರಕ್ಷಿಸಲು ಭದ್ರತಾ ತಂತ್ರಾಂಶಗಳನ್ನು ಅಳವಡಿಸಲಾಗುತ್ತದೆ. ಕೆಲವೊಮ್ಮೆ ಈ ಕಾವಲು ತಂತ್ರಾಂಶವೇ ಕೆಲಸಕ್ಕೆ ಅಡ್ಡಿಯಾಗುವುದುಂಟು. ಅಂತಹ ಸಂದರ್ಭದಲ್ಲಿ ಕಾವಲನ್ನೇ ಕಿತ್ತುಹಾಕುವುದು ಸುಲಭದ ದಾರಿಯಾಗಿ ಕಾಣುತ್ತದೆ. ಅದು ಏಕೆ ಸರಿಯಲ್ಲ, ದೋಷವನ್ನು ಕ್ರಮಬದ್ಧವಾಗಿ ಪತ್ತೆಹಚ್ಚುವುದು ಹೇಗೆ, ಮತ್ತು ಯಂತ್ರ ನಿಂತಿರುವ ಅವಧಿಯಲ್ಲಿ ಸರತಿಯಲ್ಲಿ ನಿಂತ ರೈತನ ಹಕ್ಕನ್ನು ಕಾಪಾಡುವುದು ಹೇಗೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

2. 2024ರ ಜುಲೈ ತಿಂಗಳ ಎರಡು ಘಟನೆಗಳು

2024ರ ಜುಲೈ 19ರಂದು ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ತನ್ನ ಫಾಲ್ಕನ್ ಎಂಬ ಭದ್ರತಾ ತಂತ್ರಾಂಶಕ್ಕೆ ಒಂದು ಸಣ್ಣ ಪರಿಷ್ಕರಣೆಯನ್ನು ರವಾನಿಸಿತು. ಅದನ್ನು ಸ್ವೀಕರಿಸಿದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಸ್ಥಗಿತಗೊಂಡವು. ಮತ್ತೆ ಚಾಲನೆ ಮಾಡಿದರೂ ಅದೇ ಸ್ಥಿತಿ ಮರುಕಳಿಸಿತು. 10.57ಕ್ಕೆ, ಅಂದರೆ 78 ನಿಮಿಷಗಳಲ್ಲಿ, ಸಂಸ್ಥೆಯು ಆ ಪರಿಷ್ಕರಣೆಯನ್ನು ಹಿಂಪಡೆಯಿತಾದರೂ, ಅಷ್ಟರೊಳಗೆ ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಯಂತ್ರಗಳು ಬಾಧಿತವಾಗಿದ್ದವು. ಇದು ಒಟ್ಟು ವಿಂಡೋಸ್ ಯಂತ್ರಗಳ ಶೇ. 1ಕ್ಕಿಂತ ಕಡಿಮೆ. ಆದರೂ ವಿಮಾನಯಾನ, ಆಸ್ಪತ್ರೆ, ಬ್ಯಾಂಕು ಮತ್ತು ದೂರದರ್ಶನ ವಾಹಿನಿಗಳ ಸೇವೆಗಳು ಹಲವು ದೇಶಗಳಲ್ಲಿ ಅಸ್ತವ್ಯಸ್ತಗೊಂಡವು.

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿಯೂ ಕೆಲವು ವಿಮಾನಯಾನ ಸಂಸ್ಥೆಗಳ ಪ್ರಯಾಣಿಕರ ತಪಾಸಣಾ ವ್ಯವಸ್ಥೆಗೆ ಅಡಚಣೆಯಾಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಪ್ರವೇಶ ಚೀಟಿ ನೀಡಲಾಯಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಜಾಲಕ್ಕೆ ಬಾಧೆಯಾಗಿಲ್ಲವೆಂದು ಕೇಂದ್ರ ಸರ್ಕಾರವು ಅಂದೇ ತಿಳಿಸಿತು. ದೇಶದ 10 ಬ್ಯಾಂಕುಗಳು ಹಾಗೂ ಬ್ಯಾಂಕೇತರ ಹಣಕಾಸು ಸಂಸ್ಥೆಗಳಲ್ಲಿ ಸಣ್ಣಪುಟ್ಟ ಅಡಚಣೆಗಳಾದವೆಂದು ಭಾರತೀಯ ರಿಸರ್ವ್ ಬ್ಯಾಂಕ್ ಪ್ರಕಟಿಸಿತು.

ಇದಾದ ಹನ್ನೆರಡು ದಿನಗಳಿಗೆ, ಜುಲೈ 31ರಂದು, ತದ್ವಿರುದ್ಧ ಸ್ವರೂಪದ ಘಟನೆಯೊಂದು ನಡೆಯಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯು ರಾನ್ಸಮ್‌ವೇರ್ ದಾಳಿಗೆ ಗುರಿಯಾಗಿರಬಹುದೆಂಬ ಕಾರಣದಿಂದ, ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿತಗೊಳಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ದೊರೆಯಲಿಲ್ಲವೆಂದು ಸುದ್ದಿ ಸಂಸ್ಥೆಗಳು ವರದಿ ಮಾಡಿದವು. ಮರುದಿನ ಸಂಪರ್ಕವನ್ನು ಪುನಃ ಸ್ಥಾಪಿಸಲಾಯಿತು.

ಮೊದಲನೆಯ ಘಟನೆಯಲ್ಲಿ ಕಾವಲುಗಾರನೇ ಬಾಗಿಲಿಗೆ ಅಡ್ಡಲಾಗಿ ಬಿದ್ದನು. ಎರಡನೆಯದರಲ್ಲಿ ಕಳ್ಳನು ಒಳನುಗ್ಗಿದನು. ಎರಡರಲ್ಲಿಯೂ ಹೊರಗೆ ನಿಂತ ಸಾಮಾನ್ಯ ನಾಗರಿಕನಿಗೆ ಕಂಡದ್ದು ಒಂದೇ – ಸೇವೆ ದೊರೆಯಲಿಲ್ಲ. ಒಂದೇ ತಿಂಗಳ ಈ ಎರಡು ಘಟನೆಗಳನ್ನು ಒಟ್ಟಿಗೆ ನೋಡಿದಾಗ, ಭದ್ರತಾ ತಂತ್ರಾಂಶವನ್ನು ಕುರುಡಾಗಿ ನಂಬುವುದಾಗಲಿ, ತೊಂದರೆ ಬಂದೊಡನೆ ತೆಗೆದುಹಾಕುವುದಾಗಲಿ ಪರಿಹಾರವಲ್ಲವೆಂಬುದು ಸ್ಪಷ್ಟವಾಗುತ್ತದೆ.

3. ಕಾವಲು ತಂತ್ರಾಂಶವೇ ದೋಷಕ್ಕೆ ಕಾರಣವಾಗುವುದೇಕೆ?

ಸಾಮಾನ್ಯ ತಂತ್ರಾಂಶವೊಂದು ಕೆಟ್ಟರೆ ಅದು ಮಾತ್ರ ಮುಚ್ಚಿಕೊಳ್ಳುತ್ತದೆ, ಗಣಕಯಂತ್ರ ನಡೆಯುತ್ತಿರುತ್ತದೆ. ಭದ್ರತಾ ತಂತ್ರಾಂಶದ ಸ್ಥಿತಿ ಬೇರೆ. ವೈರಸ್ಸುಗಳು ಯಂತ್ರದ ಆಳಕ್ಕೆ ಇಳಿಯುವುದರಿಂದ ಅವುಗಳನ್ನು ತಡೆಯುವ ತಂತ್ರಾಂಶವೂ ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲಿ, ಅಂದರೆ ಕರ್ನಲ್ ಹಂತದಲ್ಲಿ, ಕೆಲಸ ಮಾಡುವಂತೆ ರೂಪಿಸಲಾಗಿರುತ್ತದೆ. ಆ ಹಂತದಲ್ಲಿ ಆಗುವ ಒಂದು ತಪ್ಪು ಇಡೀ ಯಂತ್ರವನ್ನು ನಿಲ್ಲಿಸಬಲ್ಲದು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ಪ್ರಕಟಿಸಿದ ಕಾರಣ ವಿಶ್ಲೇಷಣೆಯ ಪ್ರಕಾರ, ತಂತ್ರಾಂಶದ ಒಂದು ಭಾಗವು 21 ಅಂಶಗಳನ್ನು ನಿರೀಕ್ಷಿಸಿತ್ತು. ಅದಕ್ಕೆ ಒದಗಿಸಲಾದದ್ದು 20 ಮಾತ್ರ. ಇಲ್ಲದ ಇಪ್ಪತ್ತೊಂದನೆಯ ಅಂಶವನ್ನು ಓದಲು ಹೋದ ತಂತ್ರಾಂಶವು ಯಂತ್ರವನ್ನೇ ಕೆಡವಿತು.

ಎರಡನೆಯ ಕಾರಣ ಪರಿಷ್ಕರಣೆಯ ವೇಗ. ಹೊಸ ವೈರಸ್ಸುಗಳ ಗುರುತುಗಳು ದಿನಕ್ಕೆ ಹಲವು ಬಾರಿ ಬರುತ್ತವೆ. ಅವುಗಳನ್ನು ತಡವಾಗಿ ಪಡೆದರೆ ರಕ್ಷಣೆ ಕುಂದುತ್ತದೆ. ಸಾಕಷ್ಟು ಪರೀಕ್ಷಿಸದೆ ಪಡೆದರೆ ದೋಷದ ಸಂಭವ ಹೆಚ್ಚುತ್ತದೆ.

ಮೂರನೆಯದು ತಪ್ಪು ಗುರುತಿಸುವಿಕೆ. ನಿರುಪದ್ರವಿ ಕಡತವೊಂದು ವೈರಸ್‌ನಂತೆ ಕಂಡು ಅದನ್ನು ಪ್ರತ್ಯೇಕ ಬಂಧನದಲ್ಲಿಡುವುದನ್ನು ಕ್ವಾರಂಟೈನ್ ಎನ್ನಲಾಗುತ್ತದೆ. ಇದು ಹೊಸ ಸಮಸ್ಯೆಯಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿ ತಂತ್ರಾಂಶದ ಪರಿಷ್ಕರಣೆಯೊಂದು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವನ್ನೇ ವೈರಸ್ ಎಂದು ತಿಳಿದ ಕಾರಣ ಯಂತ್ರಗಳು ಪದೇಪದೇ ತಾವಾಗಿಯೇ ಮರುಚಾಲನೆಗೊಂಡವು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ತಂತ್ರಾಂಶವು ತನ್ನದೇ ಪರಿಷ್ಕರಣಾ ಭಾಗವನ್ನು ಹಾನಿಕಾರಕವೆಂದು ಗುರುತಿಸಿತು. 2023ರ ಜನವರಿ 13ರಂದು ಮೈಕ್ರೋಸಾಫ್ಟ್ ಡಿಫೆಂಡರ್‌ನ ಒಂದು ನಿಯಮದ ದೋಷದಿಂದ ಅನೇಕ ಕಚೇರಿ ಯಂತ್ರಗಳಲ್ಲಿ ತಂತ್ರಾಂಶಗಳನ್ನು ತೆರೆಯುವ ಶಾರ್ಟ್‌ಕಟ್‌ಗಳು ಅಳಿಸಿಹೋದವು. ಯಾವುದೇ ಒಂದು ಕಂಪನಿಯ ತಂತ್ರಾಂಶವನ್ನು ಬದಲಾಯಿಸಿದ ಮಾತ್ರಕ್ಕೆ ಈ ಅಪಾಯ ತಪ್ಪುವುದಿಲ್ಲವೆಂಬುದನ್ನು ಈ ನಿದರ್ಶನಗಳು ತೋರಿಸುತ್ತವೆ.

4. ಕಲ್ಪತರು ನಾಡಿನಲ್ಲಿ ಇದರ ಮಹತ್ವ

ವಿಮಾನ ನಿಲ್ದಾಣದ ಅಡಚಣೆಗೂ ತಾಲ್ಲೂಕು ಮಟ್ಟದ ಸೇವಾ ಕೇಂದ್ರದ ಅಡಚಣೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ವಿಮಾನ ನಿಲ್ದಾಣದಲ್ಲಿ ಕೈಬರಹದ ಚೀಟಿಯಿಂದ ಕೆಲಸ ಮುಂದುವರಿಯಿತು. ಪಹಣಿಯ ವಿಷಯದಲ್ಲಿ ಆ ಅವಕಾಶವಿಲ್ಲ. ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕೀಕರಿಸಿದ ನಂತರ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲದಂತಾಯಿತು. ದಾಖಲೆಗಳನ್ನು ತಿದ್ದುವ ಅಕ್ರಮಗಳನ್ನು ತಡೆಯಲು ಇದು ಅಗತ್ಯವಾಗಿದ್ದ ಕ್ರಮ. ಅದರ ಪರಿಣಾಮವಾಗಿ, ಯಂತ್ರ ನಿಂತರೆ ದಾಖಲೆಯೂ ನಿಲ್ಲುತ್ತದೆ.

ಬೆಂಬಲ ಬೆಲೆ ಖರೀದಿಯ ನೋಂದಣಿಯಲ್ಲಿ ಈ ತೊಡಕು ಇನ್ನೂ ತೀಕ್ಷ್ಣವಾಗುತ್ತದೆ. 2024ನೇ ಸಾಲಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರವು ಕ್ವಿಂಟಾಲಿಗೆ 12,000 ರೂ. ಬೆಂಬಲ ಬೆಲೆ ನಿಗದಿಪಡಿಸಿತು. ರಾಜ್ಯ ಸರ್ಕಾರವು 1,500 ರೂ. ಪ್ರೋತ್ಸಾಹಧನ ಸೇರಿಸಿತು. ಆ ವರ್ಷದ ಆರಂಭದಲ್ಲಿ ಮಾರುಕಟ್ಟೆ ದರವು ಇದಕ್ಕಿಂತ ಬಹಳ ಕೆಳಗಿತ್ತು. ಖರೀದಿಯ ಒಟ್ಟು ಪ್ರಮಾಣಕ್ಕೆ ಮಿತಿ ಇದ್ದುದರಿಂದ, ಮೊದಲು ಬಂದವರಿಗೆ ಮೊದಲ ಅವಕಾಶವೆಂಬ ಸ್ಥಿತಿ ಏರ್ಪಟ್ಟು, ನೋಂದಣಿ ಕೇಂದ್ರಗಳ ಮುಂದೆ ರೈತರು ಉದ್ದನೆಯ ಸಾಲುಗಳಲ್ಲಿ ನಿಲ್ಲಬೇಕಾಯಿತು. ಆಕ್ಷೇಪಣೆಗಳ ಹಿನ್ನೆಲೆಯಲ್ಲಿ ಮೊದಲ ಸುತ್ತಿನ ನೋಂದಣಿಯನ್ನು ರದ್ದುಗೊಳಿಸಿ ಮಾರ್ಚ್‌ನಲ್ಲಿ ಮರು ನೋಂದಣಿ ನಡೆಸಲಾಯಿತು. ಆ ರದ್ದತಿಗೂ ಭದ್ರತಾ ತಂತ್ರಾಂಶಕ್ಕೂ ಸಂಬಂಧವಿಲ್ಲ. ಆದರೆ ಪ್ರಮಾಣದ ಮಿತಿಯುಳ್ಳ ನೋಂದಣಿಯಲ್ಲಿ ಒಂದು ಕೇಂದ್ರದ ಯಂತ್ರವು ಅರ್ಧ ದಿನ ನಿಂತರೆ, ಆ ಕೇಂದ್ರದ ರೈತರು ಅರ್ಧ ದಿನವನ್ನಲ್ಲ, ಆ ಸಾಲಿನ ಬೆಂಬಲ ಬೆಲೆಯನ್ನೇ ಕಳೆದುಕೊಳ್ಳಬಹುದೆಂಬುದು ಇದರಿಂದ ಮನವರಿಕೆಯಾಗುತ್ತದೆ.

2025ರಲ್ಲಿ ಪರಿಸ್ಥಿತಿ ಬದಲಾಯಿತು. ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಧಾರಣೆ ಕ್ವಿಂಟಾಲಿಗೆ 25,000 ರೂ. ಮೀರಿತು. ಬೆಂಬಲ ಬೆಲೆಯ ನೋಂದಣಿಗಿಂತ ಮಾರುಕಟ್ಟೆಯ ವಿದ್ಯುನ್ಮಾನ ಟೆಂಡರ್ ಮುಖ್ಯವಾಯಿತು. ಈ ಪದ್ಧತಿಯಲ್ಲಿ ರೈತನ ಮಾಲಿಗೆ ಲಾಟ್ ಸಂಖ್ಯೆ ನೀಡಿ, ನಿಗದಿತ ಸಮಯದೊಳಗೆ ವರ್ತಕರು ಗಣಕಯಂತ್ರದ ಮೂಲಕ ದರ ನಮೂದಿಸುತ್ತಾರೆ. ಗಡುವು ಮುಗಿಯುವ ಹೊತ್ತಿಗೆ ನಾಲ್ಕಾರು ವರ್ತಕರ ಯಂತ್ರಗಳು ಕೆಟ್ಟರೆ ಸ್ಪರ್ಧೆ ಕುಗ್ಗುತ್ತದೆ. ಕ್ವಿಂಟಾಲಿಗೆ 500 ರೂ. ವ್ಯತ್ಯಾಸವಾದರೂ ಹತ್ತು ಕ್ವಿಂಟಾಲ್ ತಂದ ರೈತನಿಗೆ 5,000 ರೂ. ನಷ್ಟ. ದೋಷವು ವರ್ತಕನ ಯಂತ್ರದಲ್ಲಿದ್ದರೂ ನಷ್ಟವು ರೈತನದು.

5. ಸೇವಾ ಕೇಂದ್ರಗಳಲ್ಲಿ ಕಂಡುಬರುವ ದೋಷಗಳ ಸ್ವರೂಪ

ಭದ್ರತಾ ತಂತ್ರಾಂಶಕ್ಕೆ ಸಂಬಂಧಿಸಿದ ದೋಷಗಳನ್ನು ಈ ಕೆಳಕಂಡಂತೆ ವಿಂಗಡಿಸಬಹುದು.

(ಅ) ಬೆರಳಚ್ಚು ಸಾಧನ ಸ್ಪಂದಿಸದಿರುವುದು: ಆಧಾರ್ ದೃಢೀಕರಣದ ಬೆರಳಚ್ಚು ಸಾಧನವು ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶದ ಮೂಲಕ ಕೆಲಸ ಮಾಡುತ್ತದೆ. ಜಾಲತಾಣವು ಅದೇ ಗಣಕಯಂತ್ರದೊಳಗಿನ 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲಿ ಒಂದರ ಮೂಲಕ ಇದನ್ನು ಸಂಪರ್ಕಿಸುತ್ತದೆ. ಭದ್ರತಾ ತಂತ್ರಾಂಶದ ಫೈರ್‌ವಾಲ್ ಈ ಒಳಸಂಪರ್ಕವನ್ನು ತಡೆದರೆ, ಸಾಧನದ ದೀಪ ಉರಿಯುತ್ತಿದ್ದರೂ ‘ಸಾಧನ ಪತ್ತೆಯಾಗಿಲ್ಲ’ ಎಂಬ ಸಂದೇಶ ಬರುತ್ತದೆ. ತೆಂಗಿನಕಾಯಿ ಸುಲಿದು ಸವೆದ ಬೆರಳುಗಳ ರೈತನಿಗೆ ‘ನಿಮ್ಮ ಬೆರಳು ಬರುತ್ತಿಲ್ಲ’ ಎಂದು ಹೇಳಿ ಕಳುಹಿಸುವ ಮೊದಲು, ದೋಷ ಬೆರಳಿನದೋ ಯಂತ್ರದ್ದೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸಂದೇಶವು ಬೆರಳಚ್ಚಿನ ಗುಣಮಟ್ಟ ಅಥವಾ ಹೊಂದಾಣಿಕೆಯ ಬಗ್ಗೆ ಇದ್ದರೆ ಅದು ಬೇರೆ ವಿಷಯ; ಸಾಧನವೇ ಪತ್ತೆಯಾಗದಿದ್ದರೆ ಬೆರಳಿಗೂ ಅದಕ್ಕೂ ಸಂಬಂಧವಿಲ್ಲ.

(ಆ) ಡಿಜಿಟಲ್ ಸಹಿ ವಿಫಲವಾಗುವುದು: ಅಧಿಕಾರಿಯ ಡಿಜಿಟಲ್ ಸಹಿಯ ಟೋಕನ್‌ಗೆ ಬೇಕಾದ ಚಾಲಕ ಕಡತವನ್ನು ಭದ್ರತಾ ತಂತ್ರಾಂಶವು ಕ್ವಾರಂಟೈನ್ ಮಾಡಿದಾಗ, ನಿನ್ನೆಯವರೆಗೆ ನಡೆಯುತ್ತಿದ್ದ ಸಹಿ ಇಂದು ನಡೆಯುವುದಿಲ್ಲ. ಅರ್ಜಿಗಳು ಅನುಮೋದನೆಯ ಹಂತದಲ್ಲಿ ರಾಶಿ ಬೀಳುತ್ತವೆ.

(ಇ) ಸುರಕ್ಷಿತ ಸಂಪರ್ಕದ ಎಚ್ಚರಿಕೆ: ಕೆಲವು ಭದ್ರತಾ ತಂತ್ರಾಂಶಗಳು ಜಾಲತಾಣ ಮತ್ತು ಯಂತ್ರದ ನಡುವಿನ ಗೂಢಲಿಪೀಕೃತ ಸಂಪರ್ಕವನ್ನು ತಪಾಸಣೆ ಮಾಡಲು ತಮ್ಮದೇ ಪ್ರಮಾಣಪತ್ರವನ್ನು ನಡುವೆ ಇಡುತ್ತವೆ. ಬ್ರೌಸರ್ ಅದನ್ನು ಒಪ್ಪದಿದ್ದಲ್ಲಿ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ.

(ಈ) ಕನ್ನಡ ಕೀಲಿಮಣೆ ತಂತ್ರಾಂಶದ ಮೇಲೆ ಸಂಶಯ: ಕನ್ನಡ ಬೆರಳಚ್ಚು ತಂತ್ರಾಂಶಗಳು ಒತ್ತಿದ ಕೀಲಿಯನ್ನು ಹಿಡಿದು ಕನ್ನಡ ಅಕ್ಷರವಾಗಿ ಪರಿವರ್ತಿಸುತ್ತವೆ. ಗುಪ್ತಪದ ಕದಿಯುವ ದುಷ್ಟ ತಂತ್ರಾಂಶಗಳೂ ಕೀಲಿಗಳನ್ನೇ ಹಿಡಿಯುತ್ತವೆ. ನಡವಳಿಕೆಯನ್ನು ಮಾತ್ರ ನೋಡಿ ತೀರ್ಮಾನಿಸುವ ಭದ್ರತಾ ತಂತ್ರಾಂಶಕ್ಕೆ ಇವೆರಡರ ವ್ಯತ್ಯಾಸ ತಿಳಿಯದೆ ಹೋಗಬಹುದು. ಹಳೆಯ ಆವೃತ್ತಿಯನ್ನು ಪೆನ್ ಡ್ರೈವ್‌ನಿಂದ ನಕಲು ಮಾಡಿ ಬಳಸುವಲ್ಲಿ ಈ ಸಂಶಯ ನಿಜವಾಗಿರುವ ಸಾಧ್ಯತೆಯೂ ಇದೆ. ನಕಲಿನೊಂದಿಗೆ ವೈರಸ್ ಬಂದಿರಬಹುದು.

(ಉ) ಎರಡು ಭದ್ರತಾ ತಂತ್ರಾಂಶಗಳ ಘರ್ಷಣೆ: ಒಂದಕ್ಕಿಂತ ಎರಡು ಒಳ್ಳೆಯದೆಂಬ ಭಾವನೆಯಿಂದ ಎರಡು ಕಂಪನಿಗಳ ತಂತ್ರಾಂಶಗಳನ್ನು ಅಳವಡಿಸಿದರೆ, ಪ್ರತಿ ಕಡತವನ್ನು ಎರಡೂ ತಡೆದು ಪರಿಶೀಲಿಸುವುದರಿಂದ ಯಂತ್ರ ನಿಧಾನವಾಗುತ್ತದೆ ಅಥವಾ ಸ್ಥಗಿತಗೊಳ್ಳುತ್ತದೆ.

(ಊ) ಯಂತ್ರ ಚಾಲನೆಗೊಳ್ಳದಿರುವುದು: ಪರಿಷ್ಕರಣೆಯ ನಂತರ ನೀಲಿ ಪರದೆ ಅಥವಾ ನಿರಂತರ ಮರುಚಾಲನೆ. ಇದು ಅಪರೂಪ, ಆದರೆ ಹಾನಿ ಅತಿ ಹೆಚ್ಚು.

6. ದೋಷ ಪತ್ತೆಯ ಕ್ರಮ

ದೋಷವೆಲ್ಲವೂ ಭದ್ರತಾ ತಂತ್ರಾಂಶದ್ದಲ್ಲ. ಮೊದಲು ಯಂತ್ರದ ದಿನಾಂಕ ಮತ್ತು ಸಮಯವನ್ನು ನೋಡಬೇಕು. ಹಳೆಯ ಯಂತ್ರಗಳಲ್ಲಿ ಒಳಗಿನ ಸಣ್ಣ ಬ್ಯಾಟರಿ ಸವೆದಿದ್ದರೆ, ವಿದ್ಯುತ್ ಕಡಿತವಾಗಿ ಬಂದಾಗಲೆಲ್ಲ ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಎಲ್ಲ ಸುರಕ್ಷಿತ ಜಾಲತಾಣಗಳೂ ಅಸುರಕ್ಷಿತವೆಂದು ಕಾಣುತ್ತವೆ. ಇದಕ್ಕೆ ಬ್ಯಾಟರಿ ಬದಲಾಯಿಸುವುದೇ ಪರಿಹಾರವಾಗಿದ್ದು, ಭದ್ರತಾ ತಂತ್ರಾಂಶವನ್ನು ದೂಷಿಸುವುದು ವ್ಯರ್ಥ. ಅನಂತರ ಈ ಕೆಳಗಿನ ಹಂತಗಳನ್ನು ಅನುಸರಿಸುವುದು ಸೂಕ್ತ.

ಮೊದಲನೆಯದಾಗಿ, ಪರದೆಯ ಮೇಲಿನ ಸಂದೇಶವನ್ನು ಯಥಾವತ್ತಾಗಿ ಬರೆದುಕೊಳ್ಳುವುದು ಅಥವಾ ಛಾಯಾಚಿತ್ರ ತೆಗೆಯುವುದು. ‘ಕಂಪ್ಯೂಟರ್ ಕೆಲಸ ಮಾಡುತ್ತಿಲ್ಲ’ ಎಂಬ ದೂರಿನಿಂದ ತಂತ್ರಜ್ಞನಿಗೆ ಏನೂ ತಿಳಿಯುವುದಿಲ್ಲ. ದೋಷ ಆರಂಭವಾದ ಸಮಯವನ್ನೂ ನಮೂದಿಸಬೇಕು. ಏಕೆಂದರೆ ಅದನ್ನು ತಂತ್ರಾಂಶದ ಪರಿಷ್ಕರಣೆಯ ಸಮಯದೊಂದಿಗೆ ಹೋಲಿಸುವುದೇ ಪತ್ತೆಯ ಮೊದಲ ಸುಳಿವು.

ಎರಡನೆಯದಾಗಿ, ಭದ್ರತಾ ತಂತ್ರಾಂಶದ ದಾಖಲೆ ಪಟ್ಟಿಯನ್ನು ತೆರೆದು, ಅದೇ ಸಮಯದಲ್ಲಿ ಯಾವುದಾದರೂ ಕಡತವನ್ನು ಕ್ವಾರಂಟೈನ್ ಮಾಡಲಾಗಿದೆಯೇ ಅಥವಾ ಸಂಪರ್ಕವನ್ನು ತಡೆಯಲಾಗಿದೆಯೇ ಎಂದು ನೋಡುವುದು. ಅಲ್ಲಿ ಏನೂ ಇಲ್ಲದಿದ್ದರೆ ದೋಷದ ಮೂಲ ಬೇರೆಡೆ ಇರುವ ಸಂಭವವೇ ಹೆಚ್ಚು.

ಮೂರನೆಯದಾಗಿ, ಅದೇ ಕೆಲಸವನ್ನು ಪಕ್ಕದ ಯಂತ್ರದಲ್ಲಿ ಪ್ರಯತ್ನಿಸುವುದು. ಎಲ್ಲ ಯಂತ್ರಗಳಲ್ಲೂ ಅದೇ ದೋಷವಿದ್ದರೆ ಸರ್ವರ್ ಅಥವಾ ಅಂತರ್ಜಾಲ ಸಂಪರ್ಕದ್ದಾಗಿರಬಹುದು. ಒಂದೇ ಪರಿಷ್ಕರಣೆ ಪಡೆದ ಯಂತ್ರಗಳಲ್ಲಿ ಮಾತ್ರ ಇದ್ದರೆ ಸಂಶಯ ಆ ಪರಿಷ್ಕರಣೆಯ ಮೇಲೆ ಬರುತ್ತದೆ.

ನಾಲ್ಕನೆಯದಾಗಿ, ಕ್ವಾರಂಟೈನ್ ಆದ ಕಡತವನ್ನು ಮರಳಿ ತರುವ ಮೊದಲು ಅದು ಅಧಿಕೃತ ಮೂಲದ್ದೇ ಎಂದು ಪರಿಶೀಲಿಸುವುದು. ಸಾಧ್ಯವಾದಲ್ಲಿ ತಯಾರಕರ ಜಾಲತಾಣದಿಂದ ಹೊಸದಾಗಿ ಪಡೆದ ಪ್ರತಿಯನ್ನು ಅಳವಡಿಸುವುದು ಹಳೆಯದನ್ನು ಬಿಡಿಸಿ ತರುವುದಕ್ಕಿಂತ ಉತ್ತಮ.

ಐದನೆಯದಾಗಿ, ವಿನಾಯಿತಿ ನೀಡುವುದಾದಲ್ಲಿ ಆ ಒಂದು ಕಡತಕ್ಕೆ ಅಥವಾ ಆ ಒಂದು ಪೋರ್ಟ್‌ಗೆ ಮಾತ್ರ ನೀಡುವುದು. ಇಡೀ ‘ಸಿ’ ಡ್ರೈವ್‌ಗೆ ಅಥವಾ ಡೌನ್‌ಲೋಡ್ ಕೋಶಕ್ಕೆ ವಿನಾಯಿತಿ ಕೊಡುವುದೆಂದರೆ, ಒಂದು ಮೇಕೆ ಒಳಬರಲು ತೋಟದ ಬೇಲಿಯನ್ನೇ ಕಿತ್ತಂತೆ. ನೀಡಿದ ವಿನಾಯಿತಿ, ದಿನಾಂಕ, ಕಾರಣ ಮತ್ತು ನೀಡಿದವರ ಪದನಾಮವನ್ನು ವಹಿಯಲ್ಲಿ ಬರೆದಿಡಬೇಕು. ತಯಾರಕರು ದೋಷ ಸರಿಪಡಿಸಿದ ನಂತರ ಆ ವಿನಾಯಿತಿಯನ್ನು ಹಿಂಪಡೆಯಬೇಕು.

ಆರನೆಯದಾಗಿ, ತಯಾರಕರಿಗೆ ದೂರು ಸಲ್ಲಿಸುವುದು. ತಪ್ಪು ಗುರುತಿಸುವಿಕೆಯನ್ನು ವರದಿ ಮಾಡಲು ಪ್ರಮುಖ ಭದ್ರತಾ ತಂತ್ರಾಂಶ ಕಂಪನಿಗಳಲ್ಲಿ ವ್ಯವಸ್ಥೆ ಇದೆ. ಒಂದು ಕೇಂದ್ರವು ಮಾಡಿದ ದೂರಿನಿಂದ ಉಳಿದ ಕೇಂದ್ರಗಳ ತೊಂದರೆಯೂ ನಿವಾರಣೆಯಾಗುತ್ತದೆ.

ಯಂತ್ರವೇ ಚಾಲನೆಗೊಳ್ಳದಿದ್ದಾಗ ಸೇಫ್ ಮೋಡ್ ಎಂಬ ಕನಿಷ್ಠ ಸ್ಥಿತಿಯಲ್ಲಿ ತೆರೆದು ದೋಷಪೂರಿತ ಕಡತವನ್ನು ತೆಗೆಯಬೇಕಾಗುತ್ತದೆ. 2024ರ ಜುಲೈನಲ್ಲಿ ಇದೇ ವಿಧಾನವನ್ನು ಬಳಸಲಾಯಿತು: ಕ್ರೌಡ್‌ಸ್ಟ್ರೈಕ್ ಕೋಶದಲ್ಲಿ ‘ಸಿ-00000291’ ಎಂದು ಆರಂಭವಾಗುವ ಕಡತವನ್ನು ಅಳಿಸಿದರೆ ಯಂತ್ರ ಸರಿಹೋಗುತ್ತಿತ್ತು. ಕೆಲಸ ಕೆಲವೇ ನಿಮಿಷಗಳದ್ದು. ಆದರೆ ಬಹುತೇಕ ಕಡೆ ತಂತ್ರಜ್ಞರು ಪ್ರತಿ ಯಂತ್ರದ ಬಳಿಗೂ ಹೋಗಬೇಕಾಯಿತು. ಬಿಟ್‌ಲಾಕರ್‌ನಿಂದ ಗೂಢಲಿಪೀಕರಿಸಿದ ಯಂತ್ರಗಳಿಗೆ 48 ಅಂಕಿಗಳ ಮರುಪಡೆಯುವಿಕೆ ಕೀಲಿ ಬೇಕಾಯಿತು. ಕೀಲಿಗಳನ್ನು ಸಂಗ್ರಹಿಸಿದ್ದ ಸರ್ವರ್ ಕೂಡ ಸ್ಥಗಿತಗೊಂಡಿದ್ದಲ್ಲಿ ಸರಿಪಡಿಸುವ ಕೆಲಸವೇ ಆರಂಭವಾಗುವಂತಿರಲಿಲ್ಲ. ಆದುದರಿಂದ ಈ ಕೀಲಿಯನ್ನು ಕಾಗದದಲ್ಲಿ ಮುದ್ರಿಸಿ ಬೀಗ ಹಾಕಿದ ಬೀರುವಿನಲ್ಲಿಡುವುದು ಅವಶ್ಯ. ಅದನ್ನು ಪರದೆಯ ಅಂಚಿಗೆ ಅಂಟಿಸುವುದು ಸಲ್ಲದು. ತಾಲ್ಲೂಕು ಕೇಂದ್ರದಿಂದ ದೂರದಲ್ಲಿರುವ ಹುಳಿಯಾರು, ಹಂದನಕೆರೆ, ಹೊನ್ನವಳ್ಳಿ, ದಂಡಿನಶಿವರದಂತಹ ಹೋಬಳಿಗಳಿಗೆ ತಂತ್ರಜ್ಞರು ಬರುವುದೇ ತಡವಾಗುವುದರಿಂದ, ಕೇಂದ್ರದಲ್ಲಿರುವವರಲ್ಲಿ ಒಬ್ಬರಿಗಾದರೂ ಈ ವಿಧಾನದ ತರಬೇತಿ ಇರಬೇಕು.

7. ಮಾಡಬಾರದ ಕೆಲಸಗಳು

* ಭದ್ರತಾ ತಂತ್ರಾಂಶವನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸಬಾರದು. ಪರೀಕ್ಷೆಗಾಗಿ ಕೆಲವು ನಿಮಿಷ ನಿಲ್ಲಿಸಬೇಕಾದರೆ ಆ ಅವಧಿಯಲ್ಲಿ ಮಿಂಚಂಚೆ, ಪೆನ್ ಡ್ರೈವ್ ಮತ್ತು ಬೇರೆ ಜಾಲತಾಣಗಳನ್ನು ತೆರೆಯಬಾರದು. ಪರೀಕ್ಷೆ ಮುಗಿದೊಡನೆ ಪುನಃ ಚಾಲನೆಗೊಳಿಸಬೇಕು.
* ಪರವಾನಗಿ ಇಲ್ಲದ, ಬೀಗ ಮುರಿದ ತಂತ್ರಾಂಶಗಳನ್ನು ಅಳವಡಿಸಬಾರದು. ಅವುಗಳನ್ನು ನಡೆಸಲು ‘ಆಂಟಿವೈರಸ್ ನಿಲ್ಲಿಸಿ’ ಎಂಬ ಸೂಚನೆ ಇದ್ದರೆ ಅದೇ ಅಪಾಯದ ಗುರುತು.
* ದೋಷ ಸರಿಪಡಿಸುವುದಾಗಿ ತಾವಾಗಿಯೇ ಕರೆ ಮಾಡುವವರಿಗೆ ಯಂತ್ರದ ದೂರನಿಯಂತ್ರಣ ನೀಡಬಾರದು. 2024ರ ಜುಲೈನಲ್ಲಿ ಜನರ ಗಲಿಬಿಲಿಯನ್ನು ಬಳಸಿಕೊಂಡು, ಕ್ರೌಡ್‌ಸ್ಟ್ರೈಕ್ ದುರಸ್ತಿಯ ಹೆಸರಿನಲ್ಲಿ ವಂಚಕರು ದುಷ್ಟ ಕಡತಗಳನ್ನು ಹರಡಿದರು. ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ ಈ ಬಗ್ಗೆ ಎಚ್ಚರಿಕೆ ನೀಡಿತು.
* ದೋಷ ಸಿಗಲಿಲ್ಲವೆಂದು ಹಾರ್ಡ್ ಡಿಸ್ಕ್ ಅನ್ನು ಅಳಿಸಿ ಹೊಸದಾಗಿ ವಿಂಡೋಸ್ ಅಳವಡಿಸುವುದಕ್ಕೆ ಮುನ್ನ ದಾಖಲೆಗಳ ಪ್ರತಿ ತೆಗೆಯದೆ ಇರಬಾರದು.

8. ಯಂತ್ರ ನಿಂತಾಗ ಸರತಿ ನಿಲ್ಲಬಾರದು

ತಾಂತ್ರಿಕ ದೋಷಕ್ಕಿಂತ ಗಂಭೀರವಾದ ಪ್ರಶ್ನೆಯೊಂದು ಇಲ್ಲಿ ಉದ್ಭವಿಸುತ್ತದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅನ್ವಯ, ಅಂದರೆ ಸಕಾಲ ಯೋಜನೆಯಡಿ, ಅರ್ಜಿದಾರರಿಗೆ ಜಿಎಸ್‌ಸಿ ಸಂಖ್ಯೆಯುಳ್ಳ ಸ್ವೀಕೃತಿ ನೀಡಲಾಗುತ್ತದೆ. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರಕ್ಕೆ ಅವಕಾಶವಿದೆ. ಈ ವ್ಯವಸ್ಥೆಯು ಅರ್ಜಿ ದಾಖಲಾದ ನಂತರದ ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಯಂತ್ರವೇ ನಿಂತಿದ್ದರೆ ಅರ್ಜಿ ದಾಖಲಾಗುವುದಿಲ್ಲ, ಸಂಖ್ಯೆ ಹುಟ್ಟುವುದಿಲ್ಲ, ಅವಧಿಯ ಎಣಿಕೆಯೂ ಆರಂಭವಾಗುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತು ಬರಿಗೈಯಲ್ಲಿ ಹಿಂದಿರುಗಿದ ರೈತನ ಆ ದಿನವು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ.

ಕೈಬರಹದ ಪಹಣಿ ನೀಡಲು ಸಾಧ್ಯವಿಲ್ಲ, ನೀಡಲೂಬಾರದು. ಆದರೆ ಬಂದವರ ಸರತಿಯನ್ನು ಕೈಯಲ್ಲಿ ಬರೆಯಲು ಯಾವ ತೊಡಕೂ ಇಲ್ಲ. ಪ್ರತಿ ಸೇವಾ ಕೇಂದ್ರದಲ್ಲಿ ಪುಟಗಳಿಗೆ ಕ್ರಮಸಂಖ್ಯೆ ಹಾಕಿದ ಒಂದು ಸರತಿ ವಹಿ ಇರಬೇಕು. ಯಂತ್ರ ಸ್ಥಗಿತಗೊಂಡ ಸಮಯ, ಅನಂತರ ಬಂದ ಪ್ರತಿಯೊಬ್ಬರ ಹೆಸರು, ಗ್ರಾಮ, ಬೇಕಾದ ಸೇವೆ ಮತ್ತು ಬಂದ ವೇಳೆಯನ್ನು ಅದರಲ್ಲಿ ದಾಖಲಿಸಿ, ಅದೇ ಕ್ರಮಸಂಖ್ಯೆಯ ಚೀಟಿಯನ್ನು ಅವರಿಗೆ ನೀಡುವುದು; ಯಂತ್ರ ಸರಿಹೋದ ನಂತರ ಅದೇ ಕ್ರಮದಲ್ಲಿ ಕರೆಯುವುದು. ಇದರಿಂದ ಮೂರು ಪ್ರಯೋಜನಗಳಿವೆ. ರೈತನು ಮರುದಿನ ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುವುದಿಲ್ಲ. ‘ಸರ್ವರ್ ಡೌನ್’ ಎಂಬ ಮಾತನ್ನು ನೆಪವಾಗಿ ಬಳಸಿ ಸರತಿ ತಪ್ಪಿಸುವುದಕ್ಕೆ ಅವಕಾಶವಿರುವುದಿಲ್ಲ. ಬೆಂಬಲ ಬೆಲೆ ನೋಂದಣಿಯಂತಹ ಮಿತಿಯುಳ್ಳ ಅವಕಾಶಗಳಲ್ಲಿ, ಯಂತ್ರದೋಷದಿಂದ ಯಾರ್‍ಯಾರಿಗೆ ಅವಕಾಶ ತಪ್ಪಿತೆಂಬುದಕ್ಕೆ ಲಿಖಿತ ಆಧಾರ ದೊರೆತು, ಮೇಲಧಿಕಾರಿಗಳು ನ್ಯಾಯಯುತ ತೀರ್ಮಾನ ಕೈಗೊಳ್ಳಲು ಸಾಧ್ಯವಾಗುತ್ತದೆ.

ವಿದ್ಯುನ್ಮಾನ ಟೆಂಡರ್‌ನ ವಿಷಯದಲ್ಲಿ, ಗಡುವಿನ ಸಮೀಪದಲ್ಲಿ ವ್ಯಾಪಕ ಅಡಚಣೆಯಾದರೆ ಅವಧಿ ವಿಸ್ತರಿಸುವ ನಿಯಮವು ಮುಂಚಿತವಾಗಿಯೇ ಲಿಖಿತವಾಗಿದ್ದು ಪ್ರಾಂಗಣದ ಸೂಚನಾ ಫಲಕದಲ್ಲಿ ಪ್ರಕಟವಾಗಿರುವುದು ಉತ್ತಮ. ಆಗ ವಿಸ್ತರಣೆಯು ಯಾರಿಗೋ ಮಾಡಿದ ಉಪಕಾರವಾಗಿ ಕಾಣದೆ ನಿಯಮವಾಗಿ ಕಾಣುತ್ತದೆ.

9. ಮುನ್ನೆಚ್ಚರಿಕೆ ಮತ್ತು ಮುಂದಿನ ದಿನಗಳು

2024ರ ಘಟನೆಯ ನಂತರ ಕೆಲವು ಬದಲಾವಣೆಗಳಾಗಿವೆ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ಪರಿಷ್ಕರಣೆಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುವ ಪದ್ಧತಿಯನ್ನು ಘೋಷಿಸಿತು. ಭದ್ರತಾ ತಂತ್ರಾಂಶಗಳು ಕರ್ನಲ್ ಹಂತದ ಹೊರಗಿನಿಂದ ಕೆಲಸ ಮಾಡಲು ಅನುವಾಗುವಂತೆ ವಿಂಡೋಸ್ ಅನ್ನು ಮಾರ್ಪಡಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ಕರ್ನಾಟಕ ಸರ್ಕಾರವು 2024ರ ಆಗಸ್ಟ್‌ನಲ್ಲಿ ರಾಜ್ಯದ ಸೈಬರ್ ಭದ್ರತಾ ನೀತಿಯನ್ನು ಬಿಡುಗಡೆ ಮಾಡಿತು.

ಇನ್ನೊಂದು ಸಂಗತಿ ಗಮನಾರ್ಹ. ವಿಂಡೋಸ್ 10 ಆವೃತ್ತಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಸ್ತರಿತ ಭದ್ರತಾ ಪರಿಷ್ಕರಣೆಗೆ ನೋಂದಾಯಿಸದ ಹಳೆಯ ಯಂತ್ರಗಳಲ್ಲಿ ಭದ್ರತಾ ತಂತ್ರಾಂಶವೊಂದೇ ಉಳಿದಿರುವ ಕಾವಲು. ಅಂತಹ ಯಂತ್ರದಲ್ಲಿ ಅದನ್ನೂ ನಿಲ್ಲಿಸಿದರೆ ರಕ್ಷಣೆ ಎಂಬುದೇ ಇರುವುದಿಲ್ಲ.

ಸಣ್ಣ ಕೇಂದ್ರಗಳು ಹೆಚ್ಚಿನ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳು ಹೀಗಿವೆ: ಎರಡು ಯಂತ್ರಗಳಿದ್ದಲ್ಲಿ ಎರಡಕ್ಕೂ ಏಕಕಾಲಕ್ಕೆ ದೊಡ್ಡ ಆವೃತ್ತಿ ಬದಲಾವಣೆ ಮಾಡದೆ, ಒಂದರಲ್ಲಿ ಒಂದೆರಡು ದಿನ ನೋಡಿ ಇನ್ನೊಂದಕ್ಕೆ ಅಳವಡಿಸುವುದು, ದೈನಂದಿನ ವೈರಸ್ ಗುರುತುಗಳ ಪರಿಷ್ಕರಣೆಯನ್ನು ಮಾತ್ರ ತಡೆಯದಿರುವುದು, ಮಾರುಕಟ್ಟೆಯ ಟೆಂಡರ್ ದಿನಗಳಲ್ಲಿ ಮತ್ತು ನೋಂದಣಿಯ ಮೊದಲ ದಿನದಂದು ಹೊಸ ತಂತ್ರಾಂಶ ಅಳವಡಿಸದಿರುವುದು, ಬೆರಳಚ್ಚು ಸಾಧನ ಹಾಗೂ ಡಿಜಿಟಲ್ ಸಹಿಯನ್ನು ಕೇಂದ್ರ ತೆರೆಯುವ ಅರ್ಧ ಗಂಟೆ ಮೊದಲು ಪರೀಕ್ಷಿಸುವುದು.

10. ಸಾರ್ವಜನಿಕರ ಗಮನಕ್ಕೆ

ಸೈಬರ್ ಘಟನೆ ಗಮನಕ್ಕೆ ಬಂದಲ್ಲಿ, 2022ರ ಏಪ್ರಿಲ್ 28ರ ನಿರ್ದೇಶನಗಳ ಪ್ರಕಾರ ಸಂಸ್ಥೆಗಳು ಅದನ್ನು 6 ಗಂಟೆಗಳೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕು. ಹಣ ಕಳೆದುಕೊಂಡ ಸಾರ್ವಜನಿಕರು ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ವೈರಸ್ ನಿವಾರಣಾ ಸಾಧನಗಳು ಉಚಿತವಾಗಿ ಲಭ್ಯವಿವೆ.

ಸೇವಾ ಕೇಂದ್ರದಲ್ಲಿ ‘ಯಂತ್ರ ಕೆಟ್ಟಿದೆ’ ಎಂಬ ಉತ್ತರ ದೊರೆತಾಗ ರೈತ ಬಾಂಧವರು ಮೂರು ವಿಷಯಗಳನ್ನು ಸೌಜನ್ಯದಿಂದ ಕೇಳಬಹುದು: ಎಷ್ಟು ಗಂಟೆಯಿಂದ ಕೆಟ್ಟಿದೆ, ಪರದೆಯ ಮೇಲೆ ಏನೆಂದು ಬರುತ್ತಿದೆ, ತಮ್ಮ ಹೆಸರನ್ನು ಎಲ್ಲಿ ಬರೆದುಕೊಳ್ಳಲಾಗಿದೆ. ಮೊದಲ ಎರಡು ಪ್ರಶ್ನೆಗಳು ದೋಷ ಪತ್ತೆಗೆ ನೆರವಾಗುತ್ತವೆ. ಮೂರನೆಯದು ರೈತನ ಸರತಿಯನ್ನು ಕಾಯುತ್ತದೆ.